ಹೊಸ ರೋಲು ಕೊಟ್ಟರೆ ತೀರಿತೇ?

ಫಿಲ್ಮು ತೊಳೆದುಕೊಡುವ ಅಂಗಡಿಗಳ ರಸೀತಿಯ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತಿತ್ತು. ಫಿಲ್ಮು ಕೆಟ್ಟರೆ ಅಥವಾ ಕಳೆದುಹೋದರೆ ಅದರ ಬದಲಿಗೆ ಹೊಸ ರೋಲನ್ನು ಕೊಡಲಾಗುವುದು, ಇನ್ನಾವ ಹೊಣೆಯೂ ನಮ್ಮದಲ್ಲ ಎಂಬುದು ಅದರ ಸಾರಾಂಶ. ವ್ಯಾಪಾರದ ಲೆಕ್ಕದಲ್ಲಿ ಅದು ಅನ್ಯಾಯವೆಂದು ನಾನು ಹೇಳುವುದಿಲ್ಲ. ಮದುವೆಯ ಚಿತ್ರಕ್ಕೆ, ಮಗುವಿನ ಮೊದಲ ನಗೆಗೆ ಯಾವ ಅಂಗಡಿಯವನು ತಾನೇ ಬೆಲೆ ಕಟ್ಟಿಕೊಟ್ಟಾನು? ನನ್ನ ತಕರಾರು ಆ ಸಾಲಿನ ಮೇಲಲ್ಲ, ಅದರ ಮರೆಯಲ್ಲಿ ಕತ್ತಲೆ ಕೋಣೆಯವರು ಹೇಳುತ್ತ ಬಂದ ಸುಳ್ಳಿನ ಮೇಲೆ. ತಕರಾರು ಮಾಡುವ ನಾನೂ ಆ ಸುಳ್ಳಿನಲ್ಲಿ ಪಾಲುದಾರ. ಆದ್ದರಿಂದ ಮೊದಲು ನನ್ನ ಲೆಕ್ಕವನ್ನೇ ಒಪ್ಪಿಸುತ್ತೇನೆ.

1978ರ ಮಳೆಗಾಲ. ಶಿವಮೊಗ್ಗದ ಒಂದು ಸ್ಟುಡಿಯೋದಲ್ಲಿ ನಾನು ಕೆಲಸ ಕಲಿಯುವ ಹುಡುಗ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಎರಕದ ವಿಭಾಗದಲ್ಲಿದ್ದ ಮೇಸ್ತ್ರಿಯೊಬ್ಬರು ಒಂದು ಸೋಮವಾರ ರೋಲು ತಂದುಕೊಟ್ಟರು. ಭಾವಮೈದುನನಿಂದ ಎರವಲು ತಂದ ಆಗ್ಫಾ ಕ್ಲಿಕ್ ಥ್ರೀ ಕ್ಯಾಮರಾ, ಹನ್ನೆರಡು ಚಿತ್ರ. ಹನ್ನೆರಡರಲ್ಲಿ ಒಂಬತ್ತು ಅವರ ತಾಯಿಯವು. ಆಕೆಯ ಚಿತ್ರ ಅದುವರೆಗೆ ಯಾರೂ ತೆಗೆದಿರಲಿಲ್ಲವಂತೆ. ‘ಹುಷಾರಾಗಿ ತೊಳಿಯಪ್ಪಾ’ ಎಂದು ನನ್ನ ಕೈಗೇ ಕೊಟ್ಟು ಹೋದರು.

ಅಂಥ ಫಿಲ್ಮಿಗೆ ಕೆಂಪು ದೀಪವೂ ಆಗದು. ಪೂರ್ಣ ಕತ್ತಲೆಯಲ್ಲಿ, ಎರಡು ತುದಿ ಹಿಡಿದು, ಡೆವಲಪರಿನ ತಟ್ಟೆಯಲ್ಲಿ ತೊಟ್ಟಿಲು ತೂಗಿದಂತೆ ಏರಿಸಿ ಇಳಿಸಬೇಕು. ಆಮೇಲೆ ನೀರು, ಆಮೇಲೆ ಹೈಪೋ. ನಮ್ಮಲ್ಲಿ ಎಡಕ್ಕೆ ಡೆವಲಪರ್, ಬಲಕ್ಕೆ ಹೈಪೋ ಇಡುವ ವಾಡಿಕೆ. ಆ ಸಂಜೆ ತಟ್ಟೆಗಳನ್ನು ತೊಳೆದು ಇಟ್ಟಾಗ ಅದಲುಬದಲಾಗಿತ್ತು. ಇಟ್ಟವನು ನಾನೇ. ಮೂಸಿದ್ದರೆ ಹೈಪೋವಿನ ಹುಳಿ ವಾಸನೆ ತಿಳಿಯುತ್ತಿತ್ತು; ನಾನು ಮೂಸಲಿಲ್ಲ. ದೀಪ ಹಾಕಿದಾಗ ಕೈಯಲ್ಲಿದ್ದುದು ಗಾಜಿನಂತೆ ಸ್ವಚ್ಛವಾದ ಒಂದು ಪಟ್ಟಿ.

ಬೆಳಕು ಮುಟ್ಟಿದ ಬೆಳ್ಳಿಯ ಲವಣವನ್ನು ಕಪ್ಪಾಗಿಸುವುದು ಡೆವಲಪರಿನ ಕೆಲಸ. ಉಳಿದ ಲವಣವನ್ನು ಕರಗಿಸುವುದು ಹೈಪೋವಿನ ಕೆಲಸ. ಈ ಗುಣವನ್ನು ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ. ಹೈಪೋ ಮೊದಲು ತಗಲಿದರೆ ಕಪ್ಪಾಗಲು ಲವಣವೇ ಉಳಿಯುವುದಿಲ್ಲ. ಅದನ್ನು ಹಿಂದಕ್ಕೆ ತರುವ ಉಪಾಯ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಇಲ್ಲ.

ನಾನು ಅಳುತ್ತ ಯಜಮಾನರಿಗೆ ಹೇಳಿದೆ. ಅವರು ಗದರಲಿಲ್ಲ. ‘ಫಿಲ್ಮನ್ನು ಕಸಕ್ಕೆ ಹಾಕು. ಬಂದರೆ ನಾನು ಮಾತಾಡುತ್ತೇನೆ’ ಎಂದರು. ಮೇಸ್ತ್ರಿಗಳು ಮುಂದಿನ ಸೋಮವಾರ ಬಂದರು. ಕರೆಂಟು ಇರಲಿಲ್ಲ, ಮುಂದಿನ ವಾರ ಬನ್ನಿ ಎಂದಾಯಿತು. ಮುಂದಿನ ವಾರವೂ ಬಂದರು. ಕಾಗದ ಬಂದಿಲ್ಲ ಎಂದಾಯಿತು. ಆಮೇಲೆ ಎರಡು ವಾರ ಅವರ ಸುಳಿವಿಲ್ಲ. ಮತ್ತೆ ಬಂದಾಗ ತಲೆ ಬೋಳಿಸಿಕೊಂಡಿದ್ದರು. ‘ಅಮ್ಮ ತೀರಿಕೊಂಡಳು ಸ್ವಾಮಿ. ಹಾರ ಹಾಕೋದಕ್ಕೆ ಒಂದು ಪಟ ಬೇಕಾಗಿತ್ತು’ ಎಂದರು. ಯಜಮಾನರು ನಿಟ್ಟುಸಿರುಬಿಟ್ಟು, ‘ನಿಮ್ಮ ಕ್ಯಾಮರಾದ ಷಟರೇ ತೆರೆದಿಲ್ಲ ಸ್ವಾಮಿ, ಏನೂ ಬಿದ್ದಿಲ್ಲ. ತೊಳೆದ ದುಡ್ಡು ಬೇಡ, ಈ ಹೊಸ ರೋಲು ಇಟ್ಟುಕೊಳ್ಳಿ’ ಎಂದರು. ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನಾನು ಫಿಲ್ಮನ್ನು ಕೆಡಿಸಿದ ರಾತ್ರಿ ಆ ಚಿತ್ರ ಮರಳಿ ಸಿಗದ ಚಿತ್ರವಾಗಿರಲಿಲ್ಲ. ತಾಯಿ ಬದುಕಿದ್ದರು. ಶಿವಮೊಗ್ಗದಿಂದ ಭದ್ರಾವತಿಗೆ ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರು. ನಮ್ಮ ಕಪಾಟಿನಲ್ಲಿ ಹೊಸ ರೋಲು ಇತ್ತು, ಅಂಗಡಿಯಲ್ಲಿ ಕ್ಯಾಮರಾ ಇತ್ತು. ನಿಜ ಹೇಳಿದ್ದರೆ ಮರುದಿನವೇ ಬಸ್ಸು ಹತ್ತಿ ಹೋಗಿ ಹೊಸದಾಗಿ ತೆಗೆಯಬಹುದಿತ್ತು. ಕೈತಪ್ಪು ಹನ್ನೆರಡು ಚಿತ್ರಗಳನ್ನು ಅಳಿಸಿತು. ಹದಿಮೂರನೆಯದನ್ನು ತೆಗೆಯಲು ಬಿಡದೆ ಇದ್ದುದು ನಮ್ಮ ಸುಳ್ಳು. ಮೊದಲನೆಯದಕ್ಕೆ ಕ್ಷಮೆ ಕೇಳಬಲ್ಲೆ. ಎರಡನೆಯದಕ್ಕೆ ಯಾವ ಮುಖದಿಂದ ಕೇಳಲಿ?

ನಿಜ ಹೇಳಿದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ, ಹೊಟ್ಟೆಪಾಡಿನ ಪ್ರಶ್ನೆ ಎಂದು ವೃತ್ತಿಯ ಗೆಳೆಯರು ಹೇಳುತ್ತಾರೆ. ಹೋಗಬಹುದು. ಆದರೆ ಹೊಟ್ಟೆಪಾಡು ಇಬ್ಬರಿಗೂ ಉಂಟಲ್ಲವೆ? ಕೆಟ್ಟದ್ದು ಕೆಟ್ಟಿತು, ಹೇಳಿ ನೋಯಿಸುವುದೇಕೆ ಎನ್ನುವವರೂ ಇದ್ದಾರೆ. ಇದು ದಯೆಯ ವೇಷ ಹಾಕಿದ ಅಂಜಿಕೆ. ಕೆಟ್ಟದ್ದೆಲ್ಲ ಪೂರ್ತಿ ಕೆಟ್ಟಿರುವುದಿಲ್ಲ. ಹೈಪೋ ಸಾಲದೆ ಹಾಲಿನಂತೆ ಮಬ್ಬಾದ ಫಿಲ್ಮನ್ನು ಬೇಗನೆ ಮತ್ತೆ ಹೈಪೋವಿನಲ್ಲಿಟ್ಟು ಚೆನ್ನಾಗಿ ತೊಳೆದರೆ ತಿಳಿಯಾಗುತ್ತದೆ. ನೀರಿನ ಕಲೆ ಮರುತೊಳೆತಕ್ಕೆ ಹೋಗುವುದುಂಟು. ತೆಳುವಾಗಿ ಮೂಡಿದ ನೆಗೆಟಿವ್‌ಗೆ ರಾಸಾಯನಿಕದಿಂದ ಗಾಢತೆ ಕೊಡಬಹುದು. ಇಂದು ಸ್ಕ್ಯಾನರಿಗೆ ಕೊಟ್ಟರೆ, ಮುದ್ರಣಕ್ಕೆ ಬಾರದ ನೆರಳಿನಂಥ ಮುಖವೂ ಎಷ್ಟೋ ಸಲ ಎದ್ದು ಬರುತ್ತದೆ. ಕಸದ ಬುಟ್ಟಿಗೆ ಹೋದ ಫಿಲ್ಮಿಗೆ ಈ ಯಾವ ಚಿಕಿತ್ಸೆಯೂ ಇಲ್ಲ.

ಫಿಲ್ಮು ಕಸಕ್ಕೆ ಹೋಗುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅದು ಸಾಕ್ಷಿ ಹೇಳುತ್ತದೆ. ರೋಲಿನ ಅಂಚಿನಲ್ಲಿ ತಯಾರಕರು ಚಿತ್ರಗಳ ಸಂಖ್ಯೆಯನ್ನೂ ಹೆಸರನ್ನೂ ಬೆಳಕಿನಿಂದಲೇ ಮೊದಲೇ ಬರೆದಿರುತ್ತಾರೆ. ಡೆವಲಪ್ ಆದಾಗ ಅವೂ ಮೂಡುತ್ತವೆ. ಅಂಚಿನ ಅಕ್ಷರ ಸ್ಪಷ್ಟವಾಗಿದ್ದು ನಡುವೆ ಏನೂ ಇಲ್ಲದಿದ್ದರೆ ಸಂಶಯ ಕ್ಯಾಮರಾದ ಮೇಲೆ. ಅಂಚೂ ಬೋಳಾಗಿದ್ದರೆ ಸಂಶಯ ಕತ್ತಲೆ ಕೋಣೆಯ ಮೇಲೆ. ಅಂಚಿನಿಂದ ಅಂಚಿಗೆ ಕಪ್ಪಾಗಿದ್ದರೆ ಎಲ್ಲೋ ಬೆಳಕು ನುಗ್ಗಿದೆ. ನಮ್ಮ ಫಿಲ್ಮಿನ ಅಂಚು ಬೋಳಾಗಿತ್ತು. ಮೇಸ್ತ್ರಿಗಳ ಕೈಗೆ ಅದು ಸಿಕ್ಕಿದ್ದರೆ, ತಿಳಿದ ಯಾರಾದರೂ ಒಂದು ನೋಟದಲ್ಲಿ ಅವರನ್ನು ದೋಷಮುಕ್ತರನ್ನಾಗಿ ಮಾಡುತ್ತಿದ್ದರು.

ಸುಳ್ಳು ಕತ್ತಲೆ ಕೋಣೆಯ ಹುಡುಗನನ್ನೂ ಬಿಡುವುದಿಲ್ಲ. 1944ರ ಜೂನ್ 6ರಂದು ರಾಬರ್ಟ್ ಕಾಪಾ ನಾರ್ಮಂಡಿಯ ದಡದಲ್ಲಿ ಸೈನಿಕರೊಡನೆ ಇಳಿದು ತೆಗೆದ ಚಿತ್ರಗಳ ಕಥೆ ಲೋಕಪ್ರಸಿದ್ಧ. ‘ಲೈಫ್’ ಪತ್ರಿಕೆಯ ಲಂಡನ್ ಕಚೇರಿಯಲ್ಲಿ ಹುಡುಗನೊಬ್ಬ ಫಿಲ್ಮು ಒಣಗಿಸುವಾಗ ಕಾವು ಹೆಚ್ಚಿಸಿದ, ಲೇಪ ಕರಗಿಹೋಯಿತು, ಹತ್ತು ಹನ್ನೊಂದು ಚಿತ್ರ ಮಾತ್ರ ಉಳಿದವು ಎಂದು ಎಪ್ಪತ್ತು ವರ್ಷ ಜಗತ್ತು ನಂಬಿತು. 2014ರಿಂದ ಎ. ಡಿ. ಕೋಲ್ಮನ್ ಎಂಬ ವಿಮರ್ಶಕರೂ ಅವರ ಸಂಗಡಿಗರೂ ಇದನ್ನು ಶೋಧಿಸಿ, ಫಿಲ್ಮು ಹಾಗೆ ಕರಗುವುದಿಲ್ಲ, ಕಾಪಾ ತೆಗೆದದ್ದೇ ಅಷ್ಟು ಇರಬೇಕು ಎಂದು ವಾದಿಸಿದರು. ಅಂದಿನ ಚಿತ್ರ ಸಂಪಾದಕ ಜಾನ್ ಮಾರಿಸ್ ಕೂಡ ಕೊನೆಗಾಲದಲ್ಲಿ ಆ ಸಾಧ್ಯತೆಯನ್ನು ಒಪ್ಪಿದರು. ಹಾಗಾದರೆ ಮಾಡದ ತಪ್ಪನ್ನು ಒಬ್ಬ ಹುಡುಗ ಜೀವಮಾನವೆಲ್ಲ ಹೊತ್ತ. ಶಿವಮೊಗ್ಗದಲ್ಲಿ ಹುಡುಗನ ತಪ್ಪನ್ನು ಗಿರಾಕಿ ಹೊತ್ತ. ಎರಡು ಕಡೆಯೂ ಹೊರೆ ಬಿದ್ದದ್ದು ತಿರುಗಿ ಕೇಳಲಾರದವನ ಹೆಗಲಿಗೆ.

1986ರಲ್ಲಿ, ಸ್ವಂತ ಅಂಗಡಿ ಇಟ್ಟಮೇಲೆ, ನಾನು ಭದ್ರಾವತಿಗೆ ಹೋಗಿ ಮೇಸ್ತ್ರಿಗಳ ಮನೆ ಹುಡುಕಿ ನಡೆದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ‘ಆ ಕ್ಯಾಮರಾ ನಾನೇ ಕೆಡಿಸಿದೆ ಅಂತ ಭಾವಮೈದುನನಿಗೆ ದುಡ್ಡು ಕೊಟ್ಟೆನಲ್ಲಪ್ಪಾ’ ಎಂದರು. ಆಮೇಲೆ, ‘ನಮ್ಮಲ್ಲಿ ಎರಕ ಕೆಟ್ಟರೆ ಸೀಮೆಸುಣ್ಣದ ಗುರುತು ಹಾಕಿ ಬದಿಗೆ ಇಡ್ತೀವಿ. ಮತ್ತೆ ಕುಲುಮೆಗೆ ಹಾಕ್ತೀವಿ. ನಿಮ್ಮಲ್ಲಿ ಗುರುತು ಹಾಕೋ ಪದ್ಧತಿ ಇಲ್ಲವಾ?’ ಎಂದು ಕೇಳಿದರು. ಯಜಮಾನರು ಕೊಟ್ಟ ಹೊಸ ರೋಲು ಡಬ್ಬಿ ಒಡೆಯದೆ ಅವರ ಮನೆಯ ಗೂಡಿನಲ್ಲಿತ್ತು. ಅವರು ಮತ್ತೆ ಕ್ಯಾಮರಾ ಮುಟ್ಟಿರಲಿಲ್ಲ.

ಈಗ ಬೆಂಗಳೂರಿನಂಥ ಊರುಗಳಲ್ಲಿ ತರುಣರು ಮತ್ತೆ ಫಿಲ್ಮಿಗೆ ಮರಳುತ್ತಿದ್ದಾರೆ. ಅಟ್ಟದ ಮೇಲಿನ ತಾತನ ಕ್ಯಾಮರಾದಲ್ಲಿ ತೊಳೆಯದೆ ಉಳಿದ ರೋಲು ಸಿಗುವುದೂ ಉಂಟು. ಅದನ್ನು ತೊಳೆಯುವವರಿಗೆ ನನ್ನ ಮಾತು ಇಷ್ಟೇ. ಕತ್ತಲೆಗೆ ಹೋಗುವ ಮುನ್ನ ಎರಡು ತಟ್ಟೆಗಳನ್ನೂ ಮೂಸಿ ನೋಡಿ. ತಪ್ಪಾದರೆ ಅಂದೇ ಹೇಳಿ. ಕೆಟ್ಟ ಫಿಲ್ಮನ್ನು, ಅದು ಬರಿಯ ಬಿಳಿ ಪಟ್ಟಿಯಾಗಿದ್ದರೂ, ಒಡೆಯನ ಕೈಗೆ ಕೊಡಿ. ಗಿರಾಕಿಗಳೂ ಅದನ್ನು ಕೇಳಿ ಪಡೆಯಲಿ. ರಸೀತಿಯ ಸಾಲು ಬೇಕಾದರೆ ಇರಲಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ತಪ್ಪು ನಮ್ಮದಾದರೆ ನಮ್ಮದೆಂದು ಅದೇ ದಿನ ತಿಳಿಸುತ್ತೇವೆ. ನನ್ನ ಅಂಗಡಿ ಮುಚ್ಚುವವರೆಗೆ ನನ್ನ ರಸೀತಿಯಲ್ಲಿ ಈ ಸಾಲು ಇತ್ತು. ಅದನ್ನು ಓದಿ ಯಾರೂ ಬೇರೆ ಅಂಗಡಿಗೆ ಹೋಗಲಿಲ್ಲ.