ಹುಂಜ ಯಾವುದು, ಹ್ಯಾಟೆ ಯಾವುದು?

ಹೋದ ವರ್ಷ ನಮ್ಮೂರಿಗೆ ಟೆಂಪೋದಲ್ಲಿ ಕೋಳಿ ಪಿಳ್ಳೆ ಮಾರುವವನೊಬ್ಬ ಬಂದಿದ್ದ. "ಎಲ್ಲಾ ಹ್ಯಾಟೆನೇ ಕಣವ್ವಾ, ಐದು ತಿಂಗಳಿಗೆ ಮೊಟ್ಟೆ ಇಕ್ತವೆ" ಅಂತ ಹೇಳಿ ನಮ್ಮವ್ವನಿಗೆ 20 ಪಿಳ್ಳೆ ಕೊಟ್ಟು ಹೋದ. ಅವ್ವ ನುಚ್ಚು ಹಾಕಿದಳು, ರಾತ್ರಿ ಮಂಕರಿ ಕವುಚಿದಳು, ಹದ್ದು ಬಂದಾಗ ಕೂಗಿ ಓಡಿಸಿದಳು. ಎರಡು ತಿಂಗಳಾಗುವಷ್ಟರಲ್ಲಿ ಒಂದೊಂದರ ತಲೆ ಮೇಲೂ ಕೆಂಪಗೆ ಜುಟ್ಟು! ಬದುಕುಳಿದ 17ರಲ್ಲಿ 15 ಹುಂಜ. ಅದೂ ಎದೆ ತುಂಬುವ ಹುಂಜವಲ್ಲ, ಎಷ್ಟು ತಿಂದರೂ ಮೈ ಹಿಡಿಯದ ಫಾರಂ ಮೊಟ್ಟೆ ಕೋಳಿಯ ಗಂಡು. "ಹೋಗ್ಲಿ ಬಿಡು ಮಗ, ನಮ್ ಹಣೇಬರ" ಅಂದಳು ಅವ್ವ.

ನಾನು ಬಿಡಲ್ಲ. ಯಾಕಂದ್ರೆ ಇದು ಹಣೇಬರಹ ಅಲ್ಲ. ಹಳ್ಳಿ ಮನೆಯಲ್ಲಿ ಕೋಳಿ ದುಡ್ಡು ಹೆಂಗಸರ ದುಡ್ಡು. ಕಬ್ಬಿನ ಹಣ ಅಪ್ಪನ ಕೈಗೆ, ಅಲ್ಲಿಂದ ಸಾಲಗಾರನ ಕೈಗೆ. ಮೊಟ್ಟೆ ಮಾರಿದ ಚಿಲ್ಲರೆ ಮಾತ್ರ ಅವ್ವನ ಸೆರಗಿನ ಗಂಟಿಗೆ. ನಾನು ಬಿಇ ಓದುವಾಗ ಎಷ್ಟೋ ಸಲ ಬಸ್ ಚಾರ್ಜು ಬಂದಿದ್ದು ಆ ಗಂಟಿನಿಂದ.

ಸ್ವಲ್ಪ ಯೋಚಿಸಿ. ದೊಡ್ಡ ಹ್ಯಾಚರಿಗಳಿಗೆ ಪಿಳ್ಳೆ ಹೊರಬಂದ ದಿನವೇ ಗಂಡು ಯಾವುದು, ಹೆಣ್ಣು ಯಾವುದು ಅಂತ ಗೊತ್ತಾಗುತ್ತೆ. ಹಿಂಭಾಗ ಒತ್ತಿ ನೋಡಿ ಹೇಳುವ ವಿದ್ಯೆಯನ್ನು ಜಪಾನಿನವರು ನೂರು ವರ್ಷದ ಹಿಂದೆಯೇ ಕಂಡುಕೊಂಡರು. ಕೆಲವು ತಳಿಗಳಲ್ಲಿ ರೆಕ್ಕೆಯ ಗರಿ ಬೆಳೆದಿರುವ ಉದ್ದ ನೋಡಿಯೇ ಹೇಳಬಹುದು. ಮೊಟ್ಟೆ ತಳಿಯ ಗಂಡು ಮೊಟ್ಟೆ ಇಡಲ್ಲ, ಮಾಂಸಕ್ಕೂ ಗಿಟ್ಟಲ್ಲ. ಹಾಗಾಗಿ ಜಗತ್ತಿನಲ್ಲಿ ವರ್ಷಕ್ಕೆ ನೂರಾರು ಕೋಟಿ ಗಂಡು ಪಿಳ್ಳೆಗಳನ್ನು ಮೊದಲ ದಿನವೇ ಸಾಯಿಸುತ್ತಾರೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿತು. ನಮ್ಮಲ್ಲಿ ಒಂದಷ್ಟಕ್ಕೆ ಗುಲಾಬಿ, ಹಸಿರು ಬಣ್ಣ ಬಳಿದು ಜಾತ್ರೆಯಲ್ಲಿ ಮಕ್ಕಳಿಗೆ ಮಾರ್ತಾರೆ, ಒಂದಷ್ಟು ಟೆಂಪೋ ಹತ್ತಿ ಅವ್ವನಂಥವರ ಅಂಗಳಕ್ಕೆ ಬರುತ್ತವೆ. ಮಾರುವವನಿಗೆ ಗೊತ್ತು, ಕೊಳ್ಳುವವಳಿಗೆ ಗೊತ್ತಿಲ್ಲ. ಇಡೀ ವ್ಯಾಪಾರ ನಿಂತಿರೋದೇ ಇದರ ಮೇಲೆ.

ಇದಕ್ಕೆ ಮದ್ದು ಇಲ್ಲವೇ? ಇದೆ, ತೊಂಬತ್ತು ವರ್ಷಕ್ಕೂ ಹಳೆಯದು. ಪಿಯುಸಿಯಲ್ಲಿ ಬಯಾಲಜಿ ತಗೊಂಡವರಿಗೆ ಪನೆಟ್ ಚೌಕ ನೆನಪಿರಬೇಕು. ಅದೇ ರೆಜಿನಾಲ್ಡ್ ಪನೆಟ್, ಮೈಕೇಲ್ ಪೀಸ್ ಜೊತೆ ಸೇರಿ ಕೇಂಬ್ರಿಡ್ಜ್‌ನಲ್ಲಿ ಕ್ಯಾಂಬಾರ್, ಆಮೇಲೆ ಲೆಗ್‌ಬಾರ್ ಅನ್ನುವ ತಳಿಗಳನ್ನು ರೂಪಿಸಿದ. ಗುಟ್ಟು ಸರಳ. ಗರಿಯ ಮೇಲೆ ಅಡ್ಡಪಟ್ಟೆ ತರುವ ಜೀನ್ ಇರುವುದು ಝಡ್ ಕ್ರೋಮೋಸೋಮಿನಲ್ಲಿ. ಕೋಳಿಗಳಲ್ಲಿ ಹುಂಜಕ್ಕೆ ಎರಡು ಝಡ್, ಹ್ಯಾಟೆಗೆ ಒಂದೇ. ಹಾಗಾಗಿ ಹುಂಜಕ್ಕೆ ಆ ಜೀನ್ ಎರಡು ಪಾಲು, ಹ್ಯಾಟೆಗೆ ಒಂದು ಪಾಲು. ಕಪ್ಪು ಮೈಯ ಪಿಳ್ಳೆಯಲ್ಲಿ ಈ ವ್ಯತ್ಯಾಸ ಸರಿಯಾಗಿ ಕಾಣಲ್ಲ. ಕಂದು ಮೈಗೆ ಈ ಜೀನ್ ಸೇರಿಸಿದರೆ ಎದ್ದು ಕಾಣುತ್ತೆ: ಹೆಣ್ಣು ಪಿಳ್ಳೆಯ ಬೆನ್ನ ಮೇಲೆ ಅಳಿಲಿನ ಹಾಗೆ ಗಾಢ ಗೆರೆ, ಗಂಡಿನ ಮೈ ಮಾಸಲು, ತಲೆ ಮೇಲೆ ದೊಡ್ಡ ಬಿಳಿ ಮಚ್ಚೆ. ಯಂತ್ರ ಬೇಡ, ತಜ್ಞ ಬೇಡ. ಅವ್ವ ಚಾಳೀಸು ಹಾಕ್ಕೊಂಡು ನೋಡಿದರೆ ಸಾಕು.

ಇಂಥವಕ್ಕೆ ಆಟೋ-ಸೆಕ್ಸಿಂಗ್ ತಳಿ ಅಂತಾರೆ. ಎರಡು ತಳಿ ಕೂಡಿಸಿ ಒಂದೇ ತಲೆಮಾರಿಗೆ ಬಣ್ಣದಿಂದ ಗುರುತು ಸಿಗುವ ಮಿಶ್ರತಳಿಗಳೂ ಇವೆ. ಆದರೆ ಅವುಗಳ ಮರಿಯ ಮರಿಯಲ್ಲಿ ಗುರುತು ಕಲಸಿಹೋಗುತ್ತೆ, ಮತ್ತೆ ಹ್ಯಾಚರಿ ಬಾಗಿಲಿಗೇ ಹೋಗಬೇಕು. ನನ್ನ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ ಅದು ವರ್ಷವರ್ಷ ಲೈಸೆನ್ಸ್ ಕಟ್ಟುವ ಸಾಫ್ಟ್‌ವೇರ್. ಆಟೋ-ಸೆಕ್ಸಿಂಗ್ ತಳಿ ಸೋರ್ಸ್ ಕೋಡ್ ಸಮೇತ ಕೈಗೆ ಬರುತ್ತೆ. ತಲೆಮಾರಿನಿಂದ ತಲೆಮಾರಿಗೆ ಗುರುತು ಉಳಿಯುತ್ತೆ.

ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಗಿರಿರಾಜ ಕೊಟ್ಟರು, ಸ್ವರ್ಣಧಾರ ಕೊಟ್ಟರು. ಒಳ್ಳೆಯ ಕೋಳಿಗಳೇ, ಹಳ್ಳಿಗಳಿಗೆ ಉಪಕಾರವೂ ಆಗಿದೆ. ಆದರೆ ಅವೂ ಮಿಶ್ರತಳಿಗಳೇ. ನಮ್ಮನೆಯಲ್ಲಿದ್ದ ಗಿರಿರಾಜ ಕಾವಿಗೇ ಕೂರಲಿಲ್ಲ. ಸಾರ್ವಜನಿಕರ ದುಡ್ಡಿನ ಸಂಶೋಧನೆಯಿಂದ ನನಗೆ ಬೇಕಿರೋದು ಇನ್ನೊಂದು ವರ್ಷ ಮೊಟ್ಟೆ ಜಾಸ್ತಿ ಇಡುವ ಕೋಳಿಯಲ್ಲ. ಹುಟ್ಟಿದ ದಿನವೇ ಗುರುತು ಸಿಗುವ, ತಾನೇ ಕಾವಿಗೆ ಕೂರುವ, ಹುಂಜಕ್ಕೂ ಸಂತೆಯಲ್ಲಿ ಬೆಲೆ ಬರುವ ತಳಿ ಬೇಕು. ಒಂದು ಮಾತು ಮುಚ್ಚಿಡಬಾರದು: ಪನೆಟ್‌ಗೆ ಈ ಯೋಚನೆ ಹೊಳೆದಿದ್ದೇ ಮೊದಲ ಮಹಾಯುದ್ಧದ ಕಾಲದಲ್ಲಿ, ಗಂಡು ಪಿಳ್ಳೆಗಳನ್ನು ಬೇಗ ಗುರುತಿಸಿ ತೆಗೆದುಹಾಕಿ ಕಾಳು ಉಳಿಸೋಕೆ. ಗುರುತು ಸಿಕ್ಕ ಮಾತ್ರಕ್ಕೆ ಗಂಡಿನ ಪ್ರಾಣ ಉಳಿಯಲ್ಲ. ಅದಕ್ಕೂ ಬೆಲೆ ಇದ್ದರೆ ಮಾತ್ರ ಉಳಿಯುತ್ತೆ. ನಮ್ಮ ಹಳ್ಳಿಯಲ್ಲಿ ಆ ಬೆಲೆ ಇದೆ. ಹೊಸತೊಡಕಿನ ಹಿಂದಿನ ದಿನ ಒಂದು ನಾಟಿ ಹುಂಜದ ರೇಟು ಕೇಳಿ ನೋಡಿ!

"ವಿದೇಶಿ ರಕ್ತ ಸೇರಿಸಿ ನಾಟಿ ಕೆಡಿಸ್ತೀಯಾ?" ಅಂತ ಕೆಲವರು ಕೇಳ್ತಾರೆ. ಸ್ವಾಮಿ, ನಾಟಿ ಕೆಡಿಸ್ತಿರೋದು ನಾವೇ. ನಮ್ಮೂರಲ್ಲಿ ಮೈತುಂಬಿದ, ಬೇಗ ಬೆಳೆದ ಹುಂಜ ಮಾರಿಹಬ್ಬಕ್ಕೋ ಬೀಗರೂಟಕ್ಕೋ ಹೋಗುತ್ತೆ. ಯಾರಿಗೂ ಬೇಡವಾದ ಬಡಕಲು ಹುಂಜ ತಿಪ್ಪೆ ಮೇಲೆ ಉಳಿದು ಊರ ಹ್ಯಾಟೆಗಳಿಗೆಲ್ಲ ಗಂಡನಾಗುತ್ತೆ. ಭತ್ತದಲ್ಲಿ ಜೊಳ್ಳನ್ನೇ ಬಿತ್ತನೆಗೆ ಇಡ್ತೀವಾ? ಕೋಳಿಯಲ್ಲಿ ಮಾಡ್ತಿರೋದು ಅದನ್ನೇ. ಆಮೇಲೆ "ನಾಟಿ ಕೋಳಿ ಮೊದಲಿನ ಹಾಗಿಲ್ಲ" ಅಂತ ಗೊಣಗ್ತೀವಿ.

ಆಟೋ-ಸೆಕ್ಸಿಂಗ್ ತಳಿ ಬಂದರೂ ಈ ಬುದ್ಧಿ ಬದಲಾಗದಿದ್ದರೆ ಪ್ರಯೋಜನ ಇಲ್ಲ. ಸಿಕ್ಕಸಿಕ್ಕ ಹುಂಜ ಬಿಟ್ಟರೆ ನಾಲ್ಕೈದು ತಲೆಮಾರಿನಲ್ಲಿ ಗುರುತು ಮಸುಕಾಗುತ್ತೆ. ಬರೀ ತಲೆಯ ಮಚ್ಚೆ ನೋಡಿ ಆರಿಸಿದರೆ ಮಚ್ಚೆ ಚೆಂದ ಇರುತ್ತೆ, ಮೊಟ್ಟೆ ಇರಲ್ಲ. ಯಾವ ಹ್ಯಾಟೆ ಎಷ್ಟು ಇಟ್ಟಿತು, ಯಾವುದರ ಪಿಳ್ಳೆ ಮಳೆಗಾಲ ದಾಟಿತು, ಯಾವುದರ ಗೆರೆ ಸ್ಪಷ್ಟ ಇತ್ತು, ಈ ಮೂರನ್ನೂ ಬರೆದಿಟ್ಟು ಆರಿಸಬೇಕು. ಇದಕ್ಕೆ ಬಿಇ ಬೇಕಿಲ್ಲ, ಒಂದು ಹಳೇ ಕ್ಯಾಲೆಂಡರ್ ಸಾಕು.

ಈ ಸಲ ಅವ್ವನ ಹತ್ತಿರ ಒಂದು ಒಳ್ಳೆ ನಾಟಿ ಹುಂಜ ಇದೆ. ಹೊಸತೊಡಕಿಗೆ ಕೇಳಿಕೊಂಡು ಮೂವರು ಬಂದಿದ್ದರಂತೆ. ಕಾಲಿಗೆ ಕೆಂಪು ದಾರ ಕಟ್ಟಿ "ಇದು ತಳಿಗೆ" ಅಂತ ಹೇಳಿ ಕಳಿಸಿದ್ದಾಳೆ. ಅಪ್ಪನಿಗೆ ಸಿಟ್ಟು ಬಂದಿದೆ. ಅವಳ ಪಾಲಿನ ಕೆಲಸ ಅವಳು ಶುರು ಮಾಡಿದ್ದಾಳೆ. ಸಂಬಳ ತಗೊಂಡು ತಳಿ ಸಂಶೋಧನೆ ಮಾಡುವವರು ತಮ್ಮ ಪಾಲಿನದ್ದು ಯಾವಾಗ ಶುರು ಮಾಡ್ತಾರೆ?