ಅಂತರ್ಜಾಲದ ಅಂಗಳದಲ್ಲಿ ಅಕ್ಷರ ದಾಸೋಹ

ಶಾಲೆಗೆ ಹೋಗುವ ಮಗುವಿನ ಚೀಲದಿಂದ ಪಠ್ಯಪುಸ್ತಕವೊಂದನ್ನು ತೆಗೆದು ನೋಡಿ. ಪಾಠದ ಶೀರ್ಷಿಕೆಯ ಮಗ್ಗುಲಲ್ಲಿ ಕಪ್ಪು ಬಿಳುಪಿನ ಪುಟ್ಟ ಚೌಕವೊಂದು ಅಚ್ಚಾಗಿರುತ್ತದೆ. ಮೊಬೈಲಿನ ಕ್ಯಾಮೆರಾವನ್ನು ಅದರ ಮುಂದೆ ಹಿಡಿದರೆ ಆ ಪಾಠಕ್ಕೆ ಹೊಂದುವ ವಿಡಿಯೋ, ಚಿತ್ರ, ಅಭ್ಯಾಸ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಇದರ ಹಿಂದಿರುವುದು ಕೇಂದ್ರ ಸರ್ಕಾರದ 'ದೀಕ್ಷಾ' ಎಂಬ ಜಾಲವೇದಿಕೆ. 2017ರ ಸೆಪ್ಟೆಂಬರ್‌ನಲ್ಲಿ ಇದು ಆರಂಭವಾದಾಗ ಮುಖ್ಯವಾಗಿ ಶಿಕ್ಷಕರಿಗಾಗಿಯೇ ರೂಪುಗೊಂಡಿತ್ತು ಎಂಬುದನ್ನು ಈಗ ಬಹಳ ಜನ ಮರೆತಿದ್ದಾರೆ. ಕೆಲವು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿ ಈ ಹೆಸರು ಮಾಡಿದ್ದಾರೆ. ಆದರೆ ಲಿಂಗಾಯತ ಪರಂಪರೆಯಲ್ಲಿ ಬೆಳೆದವರ ಕಿವಿಗೆ ದೀಕ್ಷೆ ಎಂಬ ಮಾತು ಬೇರೆಯೇ ಆಗಿ ಕೇಳಿಸುತ್ತದೆ. ನಮ್ಮಲ್ಲಿ ದೀಕ್ಷೆಯೆಂದರೆ ಗುರುವಿನ ಹಸ್ತವು ಶಿಷ್ಯನ ಮಸ್ತಕವನ್ನು ಮುಟ್ಟುವ ಗಳಿಗೆ. ಆ ಕೈಯಿಲ್ಲದೆ ದೀಕ್ಷೆಯಿಲ್ಲ. ಜಾಲತಾಣದ ದೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆಯೆ ಎಂಬುದು ಇಂದು ಶಿಕ್ಷಣ ಕ್ಷೇತ್ರದಲ್ಲಿ ನಡೆದಿರುವ ಚರ್ಚೆಯ ತಿರುಳು.

ಕೊರೋನಾ ಕಾಲದಲ್ಲಿ ಈ ಪ್ರಶ್ನೆ ತೀರ ಒರಟಾಗಿ ನಮ್ಮ ಮುಂದೆ ಬಂದು ನಿಂತಿತ್ತು. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಎಳೆಯ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ಆದೇಶಿಸಿತು. ಜುಲೈನಲ್ಲಿ ಉಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಮೂಡಿಬಂದವು. 'ವಿದ್ಯಾಗಮ'ದ ಹೆಸರಿನಲ್ಲಿ ಶಿಕ್ಷಕರು ಮರದ ನೆರಳಿಗೆ, ದೇವಸ್ಥಾನದ ಪೌಳಿಗೆ ಮಕ್ಕಳನ್ನು ಕರೆದು ಕೂರಿಸಿಕೊಂಡರು. ಆ ಎರಡು ವರ್ಷಗಳ ಅನುಭವದಿಂದ ಉಳಿದದ್ದು ಎರಡು ಅತಿರೇಕದ ಅಭಿಪ್ರಾಯಗಳು. ಮೊಬೈಲೆಂದರೆ ಮಕ್ಕಳನ್ನು ಕೆಡಿಸುವ ಯಂತ್ರ ಎಂಬುದು ಒಂದು. ಇನ್ನು ಮುಂದೆ ಪಾಠವೆಲ್ಲ ಪರದೆಯ ಮೇಲೆಯೇ ಎಂಬುದು ಇನ್ನೊಂದು. ಎರಡನ್ನೂ ಹೇಳುವವರು ತರಗತಿಯೊಳಗೆ ನಿಂತವರಲ್ಲ.

ತರಗತಿಯಲ್ಲಿ ನಿಂತವರ ಸಂಕಟ ಬೇರೆ. ನಮ್ಮ ಶಾಲೆಗಳ ಗುರುಗಳೊಡನೆ ಮಾತನಾಡುವಾಗ ನಮ್ಮ ಗಮನಕ್ಕೆ ಬಂದ ಒಂದು ಸಂಗತಿಯಿದೆ. ಗ್ರಾಮೀಣ ಶಿಕ್ಷಕನ ಕೈಗೆ ಅಂತರ್ಜಾಲವು ಮೊದಲು ಬಂದದ್ದು ಕಲಿಸುವ ಸಾಧನವಾಗಿ ಅಲ್ಲ, ಲೆಕ್ಕ ಒಪ್ಪಿಸುವ ಸಾಧನವಾಗಿ. ಮಕ್ಕಳ ಹಾಜರಿ, ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಗಳ ವಿತರಣೆ, ಸ್ಯಾಟ್ಸ್ ಜಾಲತಾಣಕ್ಕೆ ಅಂಕಗಳ ನಮೂದು, ತರಬೇತಿಯ ಪ್ರಮಾಣಪತ್ರ, ಕಾರ್ಯಕ್ರಮದ ಛಾಯಾಚಿತ್ರ, ಎಲ್ಲವೂ ಅದೇ ಮೊಬೈಲಿನಲ್ಲಿ, ಹಲವೊಮ್ಮೆ ಶಿಕ್ಷಕರದೇ ಡೇಟಾ ಖರ್ಚಿನಲ್ಲಿ. ಸಂಜೆಯವರೆಗೆ ಇದನ್ನೇ ಮಾಡಿದವರಿಗೆ 'ತಂತ್ರಜ್ಞಾನವನ್ನು ಬಳಸಿ ಕಲಿಸಿ' ಎಂಬ ಸುತ್ತೋಲೆ ಬಂದರೆ ಅದು ಇನ್ನೊಂದು ಹೊರೆಯಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಉಪಕರಣ ಕೊಡುವ ಮುನ್ನ ಶಿಕ್ಷಕರಿಗೆ ಸಮಯ ಕೊಡಬೇಕು. ಅದನ್ನು ಯಾವ ಯೋಜನೆಯೂ ಕೊಡುತ್ತಿಲ್ಲ.

ಹೀಗಿದ್ದೂ ಹುಡುಕುವ ಶಿಕ್ಷಕರು ಇದ್ದಾರೆ. ಅಂಥವರಿಗೆ ಈಗ ಸಿಗುವ ಸಾಮಗ್ರಿ ನಿಜಕ್ಕೂ ಬೆರಗು ಹುಟ್ಟಿಸುವಂಥದು. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ 'ಫೆಟ್' ಎಂಬ ಪ್ರಯೋಗಗಳ ಭಂಡಾರ ಉಚಿತವಾಗಿದೆ. ಪ್ರಯೋಗಾಲಯವೇ ಇಲ್ಲದ ಪ್ರೌಢಶಾಲೆಯಲ್ಲೂ ಅದರ ನೆರವಿನಿಂದ ಪರದೆಯ ಮೇಲೆ ತಂತಿ, ಬ್ಯಾಟರಿ, ಬಲ್ಬುಗಳನ್ನು ಜೋಡಿಸಿ ವಿದ್ಯುನ್ಮಂಡಲ ಕಟ್ಟಬಹುದು. ಆಸ್ಟ್ರಿಯಾದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ 'ಜಿಯೋಜೀಬ್ರಾ'ದಲ್ಲಿ ತ್ರಿಭುಜದ ಒಂದು ಶೃಂಗವನ್ನು ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. 'ಸ್ಟೆಲೇರಿಯಂ' ಎಂಬ ತಂತ್ರಾಂಶ ನಮ್ಮೂರಿನ ನೆತ್ತಿಯ ಮೇಲೆ ಇಂದು ರಾತ್ರಿ ಯಾವ ನಕ್ಷತ್ರ ಎಲ್ಲಿರುತ್ತದೆ ಎಂದು ತೋರಿಸುತ್ತದೆ. ಇವು ಮೂರನ್ನೂ ಒಮ್ಮೆ ಇಳಿಸಿಕೊಂಡರೆ ಮತ್ತೆ ಅಂತರ್ಜಾಲ ಬೇಕಿಲ್ಲ. ದೇಶದ ಶಾಲೆಗಳ 2023-24ರ ಅಧಿಕೃತ ಅಂಕಿಅಂಶದಂತೆ ಅಂತರ್ಜಾಲ ಸಂಪರ್ಕ ಇದ್ದದ್ದು ಶೇ. 53.9ರಷ್ಟು ಶಾಲೆಗಳಲ್ಲಿ ಮಾತ್ರ. ಹಾಗಾಗಿ ಈ ಗುಣ ಸಣ್ಣದೇನಲ್ಲ.

ಆದರೆ ಅದೇ ಉಪಕರಣ ಇಬ್ಬರು ಶಿಕ್ಷಕರ ಕೈಯಲ್ಲಿ ಎರಡಾಗುತ್ತದೆ. ಒಬ್ಬರು ವಿದ್ಯುನ್ಮಂಡಲವನ್ನು ಪರದೆಯ ಮೇಲೆ ಕಟ್ಟಿ ತೋರಿಸುತ್ತಾರೆ. ಬಲ್ಬು ಬೆಳಗುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಗಂಟೆ ಬಾರಿಸುತ್ತದೆ. ಇನ್ನೊಬ್ಬರು ಮೊದಲು ಒಂದು ಬಲ್ಬನ್ನು ಬೆಳಗಿಸಿ ಅಲ್ಲಿಗೆ ನಿಲ್ಲಿಸುತ್ತಾರೆ. 'ಇದೇ ಸರಣಿಯಲ್ಲಿ ಎರಡನೆಯ ಬಲ್ಬನ್ನು ಜೋಡಿಸಿದರೆ ಮೊದಲನೆಯದು ಏನಾದೀತು?' ಎಂದು ಕೇಳುತ್ತಾರೆ. ಮಕ್ಕಳು ತಮ್ಮ ಉತ್ತರವನ್ನು ಪುಸ್ತಕದಲ್ಲಿ ಬರೆಯಬೇಕು. ಅರ್ಧದಷ್ಟು ಮಕ್ಕಳು 'ಏನೂ ಆಗುವುದಿಲ್ಲ' ಎಂದೇ ಬರೆಯುತ್ತಾರೆ. ಕೆಲವರು ಬ್ಯಾಟರಿಗೆ ಹತ್ತಿರದ ಬಲ್ಬು ಹೆಚ್ಚು ಬೆಳಗುತ್ತದೆ ಎನ್ನುತ್ತಾರೆ. ಬೆಂಚಿನಿಂದ ಬೆಂಚಿಗೆ ವಾದ ಶುರುವಾಗುತ್ತದೆ. ಆ ಬಳಿಕವೇ ಗುರುಗಳ ಬೆರಳು ಗುಂಡಿ ಒತ್ತುವುದು. ಎರಡೂ ಬಲ್ಬುಗಳು ಒಂದೇ ಸಮನಾಗಿ ಮಂಕಾಗುತ್ತವೆ, ಆಗ ಯಾಕೆ ಎಂಬ ಪ್ರಶ್ನೆ ಮಕ್ಕಳಿಂದಲೇ ಹುಟ್ಟುತ್ತದೆ. ಹನ್ನೆರಡನೆಯ ಶತಮಾನದ ಅನುಭವ ಮಂಟಪವು ನಿಂತದ್ದು ಪ್ರಶ್ನೆಯ ಮೇಲೆಯೇ. ಅಲ್ಲಿ ಕೇಳದೆ ಒಪ್ಪಿಕೊಂಡವರಿಗಿಂತ ಕೇಳಿ ಒಪ್ಪಿಕೊಂಡವರಿಗೆ ಮನ್ನಣೆಯಿತ್ತು. ಪರದೆಯ ಮೇಲಿನ ಬಲ್ಬಿಗೆ ಈ ಮರ್ಮ ತಿಳಿಯದು, ಗುಂಡಿ ಒತ್ತುವುದನ್ನು ಎರಡು ನಿಮಿಷ ತಡೆದು ಹಿಡಿಯಬಲ್ಲ ಗುರುವಿಗೆ ಮಾತ್ರ ತಿಳಿದೀತು.

ಯುನೆಸ್ಕೋ ಸಂಸ್ಥೆಯ 2023ರ ಜಾಗತಿಕ ಶಿಕ್ಷಣ ವರದಿಯು ತಂತ್ರಜ್ಞಾನದ ವಿಷಯಕ್ಕೇ ಮೀಸಲಾಗಿತ್ತು. ಅದೂ ಸಾಧನವು ಶಿಕ್ಷಕರಿಗೆ ಒತ್ತಾಸೆಯಾಗಬೇಕು, ಶಿಕ್ಷಕರ ಜಾಗವನ್ನು ಹಿಡಿಯಬಾರದು ಎಂದೇ ಹೇಳಿತು. ಅದೇ ವರ್ಷ ಸ್ವೀಡನ್ ದೇಶವು ಮುದ್ರಿತ ಪುಸ್ತಕ ಮತ್ತು ಕೈಬರಹಕ್ಕೆ ಮರಳುವ ಮಾತನಾಡಿತು. ಇದನ್ನು ಉದಾಹರಿಸಿ ನಮ್ಮಲ್ಲಿ ಕೆಲವರು ಗೆದ್ದವರಂತೆ ಬೀಗುವುದುಂಟು. ಮನೆಮನೆಯಲ್ಲೂ ಪುಸ್ತಕದ ಕಪಾಟಿರುವ ನಾಡು ಪರದೆಯನ್ನು ಕಡಿಮೆ ಮಾಡುವುದಕ್ಕೂ, ಗ್ರಂಥಾಲಯವೇ ಇಲ್ಲದ ಹಳ್ಳಿ ಅದನ್ನು ಬೇಡವೆನ್ನುವುದಕ್ಕೂ ವ್ಯತ್ಯಾಸವಿದೆ.

ಕನ್ನಡ ಮಾಧ್ಯಮದ ಶಿಕ್ಷಕರಿಗೆ ಮತ್ತೊಂದು ತೊಡಕು. ಬಹಳ ಶಾಲೆಗಳ ಗಣಕಗಳಲ್ಲಿ ಹತ್ತು ಹದಿನೈದು ವರ್ಷಗಳ ಪ್ರಶ್ನೆಪತ್ರಿಕೆ, ಟಿಪ್ಪಣಿಗಳು ಹಳೆಯ ನುಡಿ, ಬರಹದ ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬೆರಳಚ್ಚಾಗಿ ಕುಳಿತಿವೆ. ಅವನ್ನು ಮೊಬೈಲಿಗೆ ಕಳಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅಷ್ಟು ವರ್ಷಗಳ ಪರಿಶ್ರಮವನ್ನು ಯಾವ ಹುಡುಕುಯಂತ್ರವೂ ಕಾಣದು, ಯಾವ ಕುರುಡು ಮಗುವಿಗೂ ಗಣಕ ಅದನ್ನು ಓದಿ ಹೇಳದು. ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಬೇಸಿಗೆ ರಜೆಯ ಒಂದು ವಾರ ಸಾಕು. ಆಡಳಿತ ಮಂಡಳಿಗಳು ಹೊಸ ಸ್ಮಾರ್ಟ್ ಬೋರ್ಡ್ ಕೊಳ್ಳುವುದಕ್ಕೆ ಮೊದಲು ಈ ಖರ್ಚಿಲ್ಲದ ಕೆಲಸ ಮಾಡಿಸಿದರೆ ಶಿಕ್ಷಕರು ಕೃತಜ್ಞರಾಗಿರುತ್ತಾರೆ.

ಶಾಲೆಯ ಗೋಡೆಯೊಳಗೆ ಸಾಧನವಿದ್ದರೆ ಅದು ಎಲ್ಲ ಮಕ್ಕಳದು. ಗೋಡೆಯ ಹೊರಗೆ ಹಾಗಲ್ಲ. ಮನೆಗೆಲಸವನ್ನು ವಾಟ್ಸಾಪ್ ಗುಂಪಿಗೆ ಹಾಕುವ ಪದ್ಧತಿ ಕೊರೋನಾ ಹೋದರೂ ಹೋಗಿಲ್ಲ. ಇದು ನಮಗೆ ಸರಿ ಕಾಣುವುದಿಲ್ಲ. 'ಅಸರ್' ಸಮೀಕ್ಷೆಯು 2023ರಲ್ಲಿ ಗ್ರಾಮೀಣ ಭಾರತದ 14ರಿಂದ 18ರ ವಯಸ್ಸಿನವರನ್ನು ವಿಚಾರಿಸಿತು. ಸ್ಮಾರ್ಟ್‌ಫೋನ್ ಬಳಸಲು ಬಲ್ಲ ಹುಡುಗರಲ್ಲಿ ಶೇ. 43.7ರಷ್ಟು ಮಂದಿಗೆ ಸ್ವಂತ ಫೋನ್ ಇತ್ತು; ಹುಡುಗಿಯರಲ್ಲಿ ಶೇ. 19.8ರಷ್ಟು ಮಂದಿಗೆ ಮಾತ್ರ. ಮರುವರ್ಷದ ವರದಿಯಂತೆ 14ರಿಂದ 16ರ ಮಕ್ಕಳಲ್ಲಿ ಹಿಂದಿನ ವಾರ ಓದಿಗಾಗಿ ಫೋನ್ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ. 76. ಮನೆಯಲ್ಲಿ ಒಂದೇ ಫೋನ್ ಇದ್ದು ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೋ ಸಂತೆಗೋ ಹೋಗಿರುವಾಗ ಸಂಜೆ ಆರಕ್ಕೆ ಗುಂಪಿಗೆ ಬಂದ ಗಣಿತದ ಲೆಕ್ಕ ಮಗಳಿಗೆ ಮುಟ್ಟುವುದು ಯಾವಾಗ? ಮುಟ್ಟಿದರೂ ಮೊದಲ ಸರದಿ ಅಣ್ಣನದು. ಹೆಣ್ಣು ಗಂಡೆಂಬ ಭೇದವಿಲ್ಲದೆ ಅರಿವನ್ನು ಹಂಚಿದ ಶರಣರ ಹೆಸರು ಹೇಳುವ ಸಂಸ್ಥೆಗಳಲ್ಲಾದರೂ ಮನೆಗೆಲಸ ಕರಿಹಲಗೆಯ ಮೇಲೆಯೇ ಇರಲಿ.

ಫೋನಿನಿಂದ ಮನೆಯನ್ನು ಮುಟ್ಟಲೇಬೇಕೆಂದರೆ ಅದಕ್ಕೆ ಸ್ಮಾರ್ಟ್‌ಫೋನೇ ಬೇಕೆಂದಿಲ್ಲ. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಕೆಲವು ಸಂಶೋಧಕರು ವಾರಕ್ಕೊಂದು ಲೆಕ್ಕದ ಸಂದೇಶವನ್ನು ಸಾಧಾರಣ ಫೋನಿಗೆ ಕಳಿಸಿ, ಶಿಕ್ಷಕರಿಂದ ಸುಮಾರು ಇಪ್ಪತ್ತು ನಿಮಿಷದ ಕರೆಯನ್ನೂ ಮಾಡಿಸಿದರು. ಬರಿಯ ಸಂದೇಶ ಹೋದ ಮನೆಗಳಿಗಿಂತ ಕರೆಯೂ ಹೋದ ಮನೆಗಳ ಮಕ್ಕಳ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ನಮ್ಮ ರಾಜ್ಯದ 'ಗಣಿತ ಗಣಕ' ಕಾರ್ಯಕ್ರಮವೂ ಇದೇ ದಾರಿಯದು. ಮಗುವಿನ ಹೆಸರು ಹಿಡಿದು ಕರೆಯುವ ಧ್ವನಿಯೊಂದು ಅಲ್ಲಿತ್ತು. ಗುರುವಿನ ಕೈ ಎಂದು ಆರಂಭದಲ್ಲಿ ನಾವು ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಮಗೆ ತೋರುವುದಿಲ್ಲ.

ಉಚಿತವೆಂದು ಬಂದದ್ದೆಲ್ಲ ದಾಸೋಹವಲ್ಲ. ದಾಸೋಹದಲ್ಲಿ ನೀಡಿದವನು ಮರಳಿ ಏನನ್ನೂ ಬಯಸುವುದಿಲ್ಲ. ಹಲವು ಕಲಿಕಾ ಆ್ಯಪ್‌ಗಳು ಮಗುವಿನ ಹೆಸರು, ಊರು, ಇರುವ ಸ್ಥಳ, ನೋಡಿದ ಹೊತ್ತು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತವೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರಲ್ಲಿ 49 ದೇಶಗಳ 160ಕ್ಕೂ ಹೆಚ್ಚು ಕಲಿಕಾ ಸಾಧನಗಳನ್ನು ಪರಿಶೀಲಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳ ಖಾಸಗಿತನಕ್ಕೆ ಧಕ್ಕೆ ತರುವಂತಿದ್ದವು. ಸರ್ಕಾರದ ದೀಕ್ಷಾ ವೇದಿಕೆಯ ದತ್ತಾಂಶವೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ರಕ್ಷಣೆಯಿಲ್ಲದೆ ತೆರೆದುಕೊಂಡಿತ್ತೆಂದು 2023ರ ಜನವರಿಯಲ್ಲಿ ವರದಿಯಾಯಿತು. ಅದೇ ವರ್ಷ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಶಿಕ್ಷಕರು ಇಡೀ ತರಗತಿಯ ಮಕ್ಕಳ ಹೆಸರು, ದೂರವಾಣಿ ಸಂಖ್ಯೆಗಳನ್ನು ಹೊಸ ಆ್ಯಪ್ ಒಂದಕ್ಕೆ ತುಂಬುವ ಮುನ್ನ ಈ ಕಾಯ್ದೆಯನ್ನು ನೆನೆಯಬೇಕು. ವ್ಯಾಪಾರದ ಪಾಡೂ ನಮ್ಮ ಕಣ್ಣೆದುರಿಗಿದೆ. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೈಜೂಸ್ ಕಂಪನಿ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಕಂಪನಿಗಳು ಬರುತ್ತವೆ, ಹೋಗುತ್ತವೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಶಾಲೆಯ ಬಾಗಿಲು ತೆರೆದಿರಲೇಬೇಕು.

ಇನ್ನು ಕೃತಕ ಬುದ್ಧಿಮತ್ತೆಯ ಮಾತು. ಪಾಠಯೋಜನೆ ಬರೆಯಲು ನೆರವಾಗುವ 'ಶಿಕ್ಷಾ ಕೋಪೈಲಟ್' ಎಂಬ ಸಾಧನವನ್ನು ಬೆಂಗಳೂರಿನ ಸುತ್ತಮುತ್ತಲ ಸರ್ಕಾರಿ ಶಾಲೆಗಳಲ್ಲಿ ಸಿಕ್ಷಣ ಪ್ರತಿಷ್ಠಾನ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು ಪ್ರಯೋಗಿಸಿದ್ದಾರೆ. ಒಂದು ಗಂಟೆ ಹಿಡಿಯುತ್ತಿದ್ದ ಬರವಣಿಗೆ ಕೆಲವೇ ನಿಮಿಷಗಳಲ್ಲಿ ಮುಗಿದರೆ, ಉಳಿದ ಹೊತ್ತು ಹಿಂದುಳಿದ ಮಗುವಿಗೆ ಸಿಗುತ್ತದೆಯಾದರೆ, ನಾವದನ್ನು ಸ್ವಾಗತಿಸುತ್ತೇವೆ. ಆದರೆ ನಮ್ಮ ಪಾಲಿಗೆ ಕಳವಳದ ಸಂಗತಿ ಇನ್ನೊಂದಿದೆ. ಸಂಭಾಷಣಾ ಯಂತ್ರವನ್ನು 'ಪರಿಸರದ ಬಗ್ಗೆ ಬಸವಣ್ಣನವರ ವಚನ ಕೊಡು' ಎಂದು ಕೇಳಿ ನೋಡಿದೆವು. ಕ್ಷಣದಲ್ಲಿ ಕೊಟ್ಟಿತು. ಲಯವಿತ್ತು, ಕೊನೆಯಲ್ಲಿ ಕೂಡಲಸಂಗಮದೇವನ ಅಂಕಿತವೂ ಇತ್ತು. ಆ ವಚನ ಮಾತ್ರ ಯಾವ ಸಂಪುಟದಲ್ಲೂ ಇರಲಿಲ್ಲ. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಳೆಗರಿ ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಲು ಸ್ವಂತ ಮನೆಯನ್ನೇ ಮಾರಿದರು. ಅವರಿಗೂ ಅಂದಿನ ಹೊಸ ಯಂತ್ರ ಬೇಕಾಗಿತ್ತು. ಆದರೆ ಅಚ್ಚಿಗೆ ಹೋಗುವ ಮುನ್ನ ಪ್ರತಿಯೊಂದು ಸಾಲೂ ಅವರ ಕಣ್ಣ ಕೆಳಗೆ ಹಾದುಹೋಗುತ್ತಿತ್ತು. ಇಂದು ಹುಸಿ ವಚನವೊಂದು ಮಗುವಿನ ಭಾಷಣದಲ್ಲಿ ಸೇರಿ, ಅಲ್ಲಿಂದ ಶಾಲೆಯ ಸ್ಮರಣ ಸಂಚಿಕೆಗೆ, ಅಲ್ಲಿಂದ ಯಾರದೋ ಪುಸ್ತಕಕ್ಕೆ ಹೋಗಲು ಹತ್ತು ವರ್ಷ ಬೇಡ.

ಇದನ್ನು ತಡೆಯಲು ಬೇಕಾದ ಸಾಧನವೂ ಅಂತರ್ಜಾಲದಲ್ಲಿಯೇ ಇದೆ. ಕನ್ನಡದ ಕೆಲವು ಉತ್ಸಾಹಿಗಳು ಕಟ್ಟಿದ 'ವಚನ ಸಂಚಯ' ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು. ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳು ನಮ್ಮ ಪ್ರೌಢಶಾಲೆಗಳ ಗ್ರಂಥಾಲಯಗಳಲ್ಲಿವೆ. ಈ ಸಲದ ಬಸವ ಜಯಂತಿಯ ಭಾಷಣ ಸ್ಪರ್ಧೆಯಿಂದ, ವಚನ ಹೇಳಿದ ವಿದ್ಯಾರ್ಥಿಯು ಅದು ಯಾವ ಸಂಪುಟದ ಎಷ್ಟನೆಯ ವಚನ ಎಂಬುದನ್ನೂ ಹೇಳಬೇಕೆಂದು ನಮ್ಮ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಸೂಚಿಸಿದ್ದೇವೆ. ತೀರ್ಪುಗಾರರ ಮೇಜಿನ ಮೇಲೆ ಆ ಸಂಪುಟಗಳೂ ಇರುತ್ತವೆ, ಪಕ್ಕದಲ್ಲಿ ಒಂದು ಲ್ಯಾಪ್‌ಟಾಪೂ ಇರುತ್ತದೆ.