ಬಡಿಸುವವ ನಮ್ಮವನಾದರೆ

"ಬಡಿಸುವವ ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ" ಎಂಬ ಗಾದೆಯನ್ನು ನಾವೆಲ್ಲ ನಗುತ್ತಲೇ ಹೇಳುತ್ತೇವೆ. ಮದುವೆ ಮನೆಯಲ್ಲಿ ಅದು ನಗುವ ಮಾತೇ ಸರಿ. ಒಂದು ಹೋಳಿಗೆ ಹೆಚ್ಚಿಗೆ ಬಿದ್ದರೆ ಯಾರ ಗಂಟೇನೂ ಹೋಗುವುದಿಲ್ಲ. ಆದರೆ ಬಡಿಸುತ್ತಿರುವುದು ಸರ್ಕಾರದ ಹುದ್ದೆಯಾದಾಗ ನಾವು ನಗಬಾರದು ಎಂಬುದು ನನ್ನ ವಾದ.

ಡಿಸೆಂಬರ್ ಬಂತೆಂದರೆ ವಿಧಾನಮಂಡಲದ ಚಳಿಗಾಲದ ಅಧಿವೇಶನ ನಮ್ಮ ನಾಗಪುರದಲ್ಲಿ. 1953ರ ನಾಗಪುರ ಒಪ್ಪಂದದ ಫಲ ಅದು. ಮುಂಬಯಿಯಿಂದ ಮಂತ್ರಿಗಳು ಬರುತ್ತಾರೆ, ಹಳ್ಳಿಗಳಿಂದ ಮೋರ್ಚಾಗಳು ಬರುತ್ತವೆ, ಯಾವ ಮಂಡಳಿಯ ಕುರ್ಚಿ ಯಾರಿಗೆ ಎಂಬ ಸುದ್ದಿ ಚಹಾದಂಗಡಿಗೂ ಬರುತ್ತದೆ. ಆಗ ಹಾಸ್ಟೆಲ್ಲಿನಲ್ಲಿ ನಮ್ಮ ಹುಡುಗರ ಚರ್ಚೆ ಕೇಳಬೇಕು! ಯಾವ ಮಂತ್ರಿಗೆ ಯಾರ ಮೇಲೆ ಮನಸ್ಸು, ಯಾರ ಕಾರು ಯಾರ ಮನೆಯ ಮುಂದೆ ನಿಂತಿತ್ತು. ಇಷ್ಟೇ. ಗೆಳೆಯರೆ, ಅದು ನಮಗೆ ಸಂಬಂಧಪಟ್ಟದ್ದಲ್ಲ. ಮಂತ್ರಿಗೂ ಅಣ್ಣತಮ್ಮಂದಿರಿದ್ದಾರೆ, ಸ್ನೇಹ-ಪ್ರೇಮಗಳಿವೆ, ಇರಲಿ. ಆ ನೆಂಟನ ಹೆಸರು ನೇಮಕದ ಆದೇಶದಲ್ಲಿ ಬಂದ ದಿನ ಮಾತ್ರ ಅದು ನಮ್ಮ ವಿಷಯವಾಗುತ್ತದೆ. ದುರ್ದೈವವೆಂದರೆ, ಕಾರಿನ ಬಗ್ಗೆ ರಾತ್ರಿಯೆಲ್ಲ ಮಾತಾಡುವ ನಾವು ಆ ಆದೇಶವನ್ನು ಓದುವ ಗೋಜಿಗೇ ಹೋಗುವುದಿಲ್ಲ.

ಓದಬೇಕಾದ ಒಂದು ಆದೇಶ ನಮ್ಮ ಕರ್ನಾಟಕದ್ದೇ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಅವರ ತಮ್ಮ ಕೆಂಪರಾಜ ಅರಸರು ರಾಜ್ಯ ಚಲನಚಿತ್ರೋದ್ಯಮ ಅಭಿವೃದ್ಧಿ ನಿಗಮದ ನಿರ್ದೇಶಕರಾದರು. 1977ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಎ. ಎನ್. ಗ್ರೋವರ್ ಆಯೋಗವನ್ನು ನೇಮಿಸಿದಾಗ ವಿಚಾರಣೆಗೆ ಒಪ್ಪಿಸಿದ ಪ್ರಶ್ನೆಗಳಲ್ಲಿ ಇದೂ ಒಂದು: ಇದು ಸ್ವಜನಪಕ್ಷಪಾತವೋ ಅಲ್ಲವೋ?

ಇಲ್ಲಿ ನಮ್ಮವರು ತಕ್ಷಣ ಕೇಳುತ್ತಾರೆ: "ತಮ್ಮ ಆದ್ರ ಏನಾತ್ರೀ? ಮನಷ್ಯಾ ಶಾಣ್ಯಾ ಇದ್ದಾನೋ ಇಲ್ಲೋ?" ಒಳ್ಳೆಯ ಪ್ರಶ್ನೆಯೇ. ಕೆಂಪರಾಜ ಅರಸರು ಸಿನಿಮಾ ಗೊತ್ತಿಲ್ಲದವರಲ್ಲ. 1950ರಲ್ಲೇ 'ರಾಜಾ ವಿಕ್ರಮ' ಚಿತ್ರವನ್ನು ನಿರ್ದೇಶಿಸಿ ನಟಿಸಿದವರು. ಅಣ್ಣನೂ ಸಾಮಾನ್ಯರಲ್ಲ. ಉಳುವವನಿಗೆ ಭೂಮಿ ಕೊಡಿಸಿದ, ಹಾವನೂರ ಆಯೋಗವನ್ನು ನೇಮಿಸಿದ ಮುಖ್ಯಮಂತ್ರಿ. ಅಂದಮೇಲೆ ತಕರಾರು ಏನು?

ತಕರಾರು ತಮ್ಮನ ಯೋಗ್ಯತೆಯದಲ್ಲ, ಸೌಟು ಹಿಡಿದ ಕೈಯದು. ಅದೇ ಕುರ್ಚಿಗೆ ಯೋಗ್ಯರಾದ ಇನ್ನೊಬ್ಬ ಚಿತ್ರ ನಿರ್ಮಾಪಕರಿದ್ದರೆ, ಅವರಿಗೆ ಮುಖ್ಯಮಂತ್ರಿಯ ಮನೆಯಲ್ಲಿ ಅಣ್ಣನಿರಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಯಿತೋ ಇಲ್ಲವೋ ಎಂದು ನಂಬಿಕೆಯಿಂದ ಹೇಳುವವರು ಯಾರು? ಕೆಂಪರಾಜರಿಗೂ ಇದು ಅನ್ಯಾಯವೇ. ಸ್ವಂತ ದುಡಿಮೆಯಿಂದ ಬಂದ ಹೆಸರಿದ್ದರೂ ಜನ ಅವರನ್ನು 'ಮುಖ್ಯಮಂತ್ರಿಯ ತಮ್ಮ' ಎಂದೇ ಲೆಕ್ಕ ಹಾಕಿದರು.

ಇದು ನಾನು ಕಟ್ಟಿದ ತರ್ಕವಲ್ಲ. 1969ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಕ್ರೈಪಾಕ್ ಮೊಕದ್ದಮೆಯಲ್ಲಿ ಹೇಳಿದ್ದೇ ಇದು. ಜಮ್ಮು-ಕಾಶ್ಮೀರದ ಅರಣ್ಯಾಧಿಕಾರಿಗಳನ್ನು ಭಾರತೀಯ ಅರಣ್ಯ ಸೇವೆಗೆ ಆರಿಸುವ ಮಂಡಳಿ. ಅದರಲ್ಲಿ ಸದಸ್ಯನಾಗಿ ಕೂತ ಅಧಿಕಾರಿ ತಾನೇ ಒಬ್ಬ ಅಭ್ಯರ್ಥಿ! ತನ್ನ ಹೆಸರು ಬಂದಾಗ ಎದ್ದು ಹೊರಗೆ ಹೋದ, ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗೇ ಇದ್ದ. ಪಟ್ಟಿ ಹೊರಬಿದ್ದಾಗ ಅವನದೇ ಮೊದಲ ಹೆಸರು. ಕೋರ್ಟು ಆ ಆಯ್ಕೆಯನ್ನೇ ರದ್ದು ಮಾಡಿತು. ಅವನು ನಿಜವಾಗಿ ಪಕ್ಷಪಾತ ಮಾಡಿದನೆಂದು ಸಾಬೀತಾಗಬೇಕಿಲ್ಲ, ಪಕ್ಷಪಾತಕ್ಕೆ ಎಡೆಯಿತ್ತೆಂದು ನಂಬಲು ಸಕಾರಣವಿದ್ದರೆ ಸಾಕು ಎಂಬುದು ತೀರ್ಪಿನ ಸಾರ.

ಆ ಪೀಠದ ಮುಖ್ಯಸ್ಥರು ನಮ್ಮ ಊರಿನ ಮಾರಿಸ್ ಕಾಲೇಜಿನಲ್ಲಿ ಓದಿ, ಮುಂದೆ ನಾಗಪುರ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಂ. ಹಿದಾಯತುಲ್ಲಾ. ತೀರ್ಪು ಬರೆದವರು ನಮ್ಮ ಕಾರ್ಕಳದ ಕಡೆಯ ಕೆ. ಎಸ್. ಹೆಗ್ಡೆ. ಜೊತೆಯಲ್ಲಿ ಕೂತವರಲ್ಲಿ ಒಬ್ಬರು ಶೇಲತ್, ಇನ್ನೊಬ್ಬರು ಗ್ರೋವರ್. ಹೌದು, ಮುಂದೆ ಅರಸರ ಮೇಲಿನ ಆರೋಪಗಳ ವಿಚಾರಣೆ ನಡೆಸಿದ ಅದೇ ಗ್ರೋವರ್!

ಕತೆ ಇಲ್ಲಿಗೆ ಮುಗಿಯುವುದಿಲ್ಲ. 1973ರಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರ ಹಿರಿತನವನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ನಾಲ್ಕು ವರ್ಷದ ಮೇಲೆ ಜನತಾ ಸರ್ಕಾರ ಬಂತು. ತನ್ನ ವಿರೋಧಿ ಕಾಂಗ್ರೆಸ್ಸಿನ ಮುಖ್ಯಮಂತ್ರಿಯನ್ನು ವಿಚಾರಿಸಲು ಆ ಸರ್ಕಾರ ಆರಿಸಿದ್ದು ಕಾಂಗ್ರೆಸ್ ಸರ್ಕಾರದಿಂದಲೇ ನೊಂದ ನ್ಯಾಯಮೂರ್ತಿಯನ್ನು. ಅದಕ್ಕೆ ಕೆಲವೇ ದಿನ ಮೊದಲು ಅರಸರ ಸರ್ಕಾರ ತನ್ನ ಮೇಲಿನ ದೂರುಗಳಿಗೆ ತಾನೇ ಒಂದು ಆಯೋಗ ಮಾಡಿಕೊಂಡಿತ್ತು, ನಿವೃತ್ತ ನ್ಯಾಯಮೂರ್ತಿ ಮೀರ್ ಇಕ್ಬಾಲ್ ಹುಸೇನ್ ಅವರದು. ಕೇಂದ್ರದ ಆಯೋಗವನ್ನು ಪ್ರಶ್ನಿಸಿ ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಗಿ 1977ರ ನವೆಂಬರಿನಲ್ಲಿ ಸೋತಿತು. ಗ್ರೋವರ್ ಅವರಾಗಲಿ ಇಕ್ಬಾಲ್ ಹುಸೇನ್ ಅವರಾಗಲಿ ಪ್ರಾಮಾಣಿಕರಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಕ್ರೈಪಾಕ್ ತೀರ್ಪಿನ ಒರೆಗಲ್ಲಿಗೆ ಇಬ್ಬರ ನೇಮಕವನ್ನೂ ಉಜ್ಜಿ ನೋಡಬೇಕಲ್ಲವೆ? ಸ್ವಜನಪಕ್ಷಪಾತ ಕಂಡುಹಿಡಿಯಲು ಹೊರಟವರಿಗೂ ತಮ್ಮ ಪಂಕ್ತಿಗೆ ತಮ್ಮವರೇ ಬಡಿಸಬೇಕೆಂಬ ಆಸೆ ಬಿಡಲಿಲ್ಲ.

ಕಾನೂನು ಇಲ್ಲವೇ ಎಂದರೆ, ಇದೆ, ಗುಮಾಸ್ತನಿಗೆ. 1964ರ ಕೇಂದ್ರ ಸೇವಾ ನಡತೆ ನಿಯಮಗಳ ಪ್ರಕಾರ ಸರ್ಕಾರಿ ನೌಕರ ತನ್ನ ಪ್ರಭಾವ ಬಳಸಿ ಕುಟುಂಬದವರಿಗೆ ಕಂಪನಿಯಲ್ಲಿ ಕೆಲಸ ಕೊಡಿಸುವಂತಿಲ್ಲ. ಅಲ್ಲೂ ಒಂದು ತೂತಿದೆ: 'ಕುಟುಂಬ' ಎಂದರೆ ಗಂಡ-ಹೆಂಡತಿ, ಮತ್ತು ಪೂರ್ತಿ ಅವನ ಮೇಲೆ ಅವಲಂಬಿತರಾದ ಮಕ್ಕಳು, ಬಂಧುಗಳು. ಸ್ವಂತ ಸಂಪಾದನೆಯ ತಮ್ಮ ಈ ಲೆಕ್ಕಕ್ಕೆ ಬರುವುದಿಲ್ಲ. ಜೀವದ ಗೆಳೆಯ, ಪ್ರೇಯಸಿ, ವ್ಯಾಪಾರದ ಪಾಲುದಾರ, ಇವರಂತೂ ಬರುವುದೇ ಇಲ್ಲ. ಇನ್ನು ಮಂತ್ರಿಗೋ? ಅದೇ 1964ರಲ್ಲಿ ಒಂದು ನಡತೆ ಸಂಹಿತೆ ಬಂತು, ಆದರೆ ಅದು ಶಾಸನವಲ್ಲ. ರಾಜ್ಯದ ಮಂತ್ರಿ ಅದನ್ನು ಪಾಲಿಸುತ್ತಾನೋ ಇಲ್ಲವೋ ಎಂದು ನೋಡುವವರು ಅವನ ಮುಖ್ಯಮಂತ್ರಿಯೇ. ಅಂದರೆ ಮತ್ತೆ ಅದೇ ಪಂಕ್ತಿ, ಅದೇ ಸೌಟು.

ದಾರಿ ಕಷ್ಟದ್ದೇನಲ್ಲ. 1985ರಲ್ಲಿ ಹರಿಯಾಣ ಲೋಕಸೇವಾ ಆಯೋಗದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ತೋರಿಸಿದೆ: ಸದಸ್ಯನ ಹತ್ತಿರದ ನೆಂಟ ಸಂದರ್ಶನಕ್ಕೆ ಬಂದರೆ ಆ ಸದಸ್ಯ ಹಿಂದೆ ಸರಿಯಬೇಕು, ಆ ಅಭ್ಯರ್ಥಿಯ ಯೋಗ್ಯತೆಯ ಚರ್ಚೆಯಲ್ಲೂ ಪಾಲುಗೊಳ್ಳಬಾರದು. ಇದೇ ನಿಯಮ ಮಂತ್ರಿಗೂ ಶಾಸನವಾಗಿ ಬರಲಿ. ಸಂಬಂಧ ರಕ್ತದ್ದಿರಲಿ, ಸ್ನೇಹದ್ದಿರಲಿ, ಕಡತದಲ್ಲಿ ಒಂದು ಸಾಲು ಬರೆಯಲಿ. ಆ ಕಡತವನ್ನು ಬೇರೆಯವರು ತೀರ್ಮಾನಿಸಲಿ. ಆ ಸಾಲನ್ನು ಕೇಳಿದವರಿಗೆಲ್ಲ ತೋರಿಸಲಿ. ಆಮೇಲೆ ತಮ್ಮನೇ ಆರಿಸಿ ಬಂದರೆ ನಾನೂ ಚಪ್ಪಾಳೆ ತಟ್ಟುತ್ತೇನೆ.

"ದೊಡ್ಡವರ ಸುದ್ದಿ ನಮಗ್ಯಾಕೆ ಬಿಡ್ರಿ" ಎನ್ನುವವರಿಗೆ ಒಂದು ಮಾತು. ಈ ಪತ್ರಿಕೆ ಓದುವ ನಾವು ನಾಳೆ ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುವವರು. ಈ ಊರಿನಲ್ಲಿ ನಮ್ಮ ಪರವಾಗಿ ಫೋನು ಮಾಡುವ ಮಾವನಿಲ್ಲ. ಅಂಕಪಟ್ಟಿಯೊಂದೇ ನಮ್ಮ ನೆಂಟ. ಅದಕ್ಕೇ ಈ ನಿಯಮ ಮಂತ್ರಿಗಿಂತ ಹೆಚ್ಚಾಗಿ ನಮಗೆ ಬೇಕು. ಹಾಗಾದರೆ ನಮ್ಮ ಸಂಘದಿಂದಲೇ ಶುರುಮಾಡೋಣ. ಈ ವರ್ಷದ ಪ್ರಬಂಧ ಸ್ಪರ್ಧೆಯಲ್ಲಿ ತನ್ನ ಕೋಣೆಯ ಗೆಳೆಯ ಬರೆದಿದ್ದರೆ ತೀರ್ಪುಗಾರ ಮೊದಲೇ ಹಾಗೆಂದು ಹೇಳಿ, ಇಡೀ ಕಟ್ಟನ್ನು ಇನ್ನೊಬ್ಬರ ಕೈಗೆ ಕೊಡಲಿ. ಈ ಸೂಚನೆಯನ್ನು ಮುಂದಿನ ಸಭೆಯಲ್ಲಿ ಮಂಡಿಸುತ್ತೇನೆ. ಅನುಮೋದಿಸುವವರು ಕೈ ಎತ್ತಿ.